ಕರೆಂಟು, ದಾರ, ತೂತು, ಮಿಷಿನ್ನು

ನಮ್ಮ ಬಂಧುಬಳಗದಲ್ಲಿ ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುವವನು ನಾನೊಬ್ಬನೇ. ನಾನು ಮಾಡುವುದು ವಿಮಾ ಕಚೇರಿಯೊಂದರಲ್ಲಿ ಹಳೆಯ ಕಡತಗಳ ಹೆಸರು, ವಿಳಾಸ ತುಂಬುವ ಕೆಲಸ. ಆದರೆ ನಮ್ಮವರ ಪ್ರಕಾರ ದಿನಾ ಬಸ್ಸು ಹತ್ತುವವನಿಗೆ ಇಂಜಿನ್ ಬಿಚ್ಚುವುದೂ ಗೊತ್ತಿರಬೇಕು. ಯಾರ ಮನೆಯ ಪ್ರಿಂಟರ್ ಕೆಮ್ಮಿದರೂ ಫೋನು ನನಗೇ ಬರುತ್ತದೆ. ನಾನೂ ಒಲ್ಲೆ ಅನ್ನುವವನಲ್ಲ. ಹೋಗಿ ಒಮ್ಮೆ ಆರಿಸಿ ಹೊತ್ತಿಸುತ್ತೇನೆ. ಸರಿಹೋದರೆ ಬಡಾಯಿ ಕೊಚ್ಚುತ್ತೇನೆ, ಹೋಗದಿದ್ದರೆ "ಹಳೇ ಮಾಡೆಲ್ಲು, ಇದರ ಹಣೆಬರಹ ಇಷ್ಟೇ" ಎಂದು ಬೈದು ಕಾಫಿ ಕುಡಿದು ಬರುತ್ತೇನೆ. ಚಿಕ್ಕಮ್ಮ ನನಗೆ 'ಪಂಡಿತ' ಎಂದು ಹೆಸರಿಟ್ಟಿದ್ದಾಳೆ. ಅದು ಹೊಗಳಿಕೆಯಲ್ಲ ಎಂದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು.

ಇದು ಆ ಚಿಕ್ಕಮ್ಮನ ಕತೆ. ನಾನು ನಡುನಡುವೆ ಬರುತ್ತೇನೆ, ಬರೀ ಕೆಲಸ ಕೆಡಿಸಲಿಕ್ಕೆ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಏಳನೆಯ ತರಗತಿಗೇ ಶಾಲೆ ಬಿಟ್ಟು, ಹದಿನೇಳಕ್ಕೆ ಸಿದ್ಧ ಉಡುಪಿನ ಕಾರ್ಖಾನೆ ಸೇರಿದಳು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು. ಒಬ್ಬಳು ತೋಳು ಹೊಲಿದರೆ ಇನ್ನೊಬ್ಬಳು ಜೇಬು. ಚಿಕ್ಕಮ್ಮನ ಪಾಲಿಗೆ ಬಂದದ್ದು ಕಾಲರ್. ಹತ್ತೊಂಬತ್ತು ವರ್ಷ, ದಿನಕ್ಕೆ ಮುನ್ನೂರರಂತೆ ಬರೀ ಕಾಲರ್ ಹೊಲಿದಳು. "ಇಡೀ ಅಂಗಿ ಹೇಗಿರುತ್ತೆ ಅಂತ ನಾನು ನೋಡ್ತಾ ಇದ್ದದ್ದು ಬಸ್ಸಲ್ಲಿ ಕಣೋ, ಬೇರೆಯವರ ಮೈಮೇಲೆ," ಅನ್ನುತ್ತಾಳೆ. ಇಂದಿಗೂ ಯಾರನ್ನಾದರೂ ಮಾತಾಡಿಸುವ ಮೊದಲು ಅವಳ ಕಣ್ಣು ಹೋಗುವುದು ಕುತ್ತಿಗೆಗೆ.

ಕಾರ್ಖಾನೆಗೆ ಬೀಗ ಬಿದ್ದ ದಿನ ಉಳಿದವರೆಲ್ಲ ಗೇಟಿನ ಮುಂದೆ ಕೂತು ಅತ್ತರಂತೆ. ಚಿಕ್ಕಮ್ಮ ನೇರ ಮನೆಗೆ ಬಂದವಳೇ ಚಿಕ್ಕಪ್ಪನ ಒಗೆದಿಟ್ಟ ಅಂಗಿಯೊಂದನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿಕೊಂಡಳು. ಚಿಕ್ಕಪ್ಪ ಬಸ್ಸಿನ ಡ್ರೈವರ್, ಅಳೆದು ತೂಗಿ ಮಾತಾಡುವವರು. ಡ್ಯೂಟಿ ಮುಗಿಸಿ ಬಂದು ನೋಡಿದರೆ ಅವರ ಅಂಗಿ ಹದಿನಾರು ಚೂರಾಗಿ ಬಿದ್ದಿದೆ! "ನಾಳೆ ಡ್ಯೂಟಿಗೆ ಏನು ಹಾಕ್ಕೊಳ್ಳೋದು?" ಎಂದಷ್ಟೇ ಕೇಳಿದರಂತೆ. ಮರುದಿನ, ರಾತ್ರಿಯೇ ಅವಳು ಮತ್ತೆ ಜೋಡಿಸಿ ಹೊಲಿದ ಅದೇ ಅಂಗಿ ತೊಟ್ಟು ಹೋದರು. ಎಡತೋಳು ಹಿಂದುಮುಂದಾಗಿತ್ತು, ಇಡೀ ದಿನ ಗೇರು ಹಾಕುವಾಗ ಕಂಕುಳು ಹಿಡಿಯುತ್ತಿತ್ತು. ಆದರೂ ಯಾರಿಗೂ ಹೇಳಲಿಲ್ಲ. ಇದನ್ನು ನಮಗೆಲ್ಲ ಹೇಳಿ ನಗುವವಳು ಚಿಕ್ಕಮ್ಮನೇ.

ಹಾಗೆ ಬಿಚ್ಚಿ ಕಲಿತವಳು ಹೊಲಿಗೆಯಲ್ಲಿ ಎತ್ತಿದ ಕೈ ಆದಳು. ಐವತ್ತು ದಾಟಿದ ಮೇಲೆ ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಪ್ಯಾಟರ್ನ್ ಬರೆಯುವುದನ್ನೂ ಕಲಿತಳು. ಬಟ್ಟೆ ಕತ್ತರಿಸುವ ಮೊದಲು ಅಂಗಿಯ ಒಂದೊಂದು ಭಾಗದ ಆಕಾರವನ್ನೂ ಪರದೆಯ ಮೇಲೆ ಗೀಟು ಎಳೆದು ತೋರಿಸುವ ವಿದ್ಯೆ ಅದು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಕಲಿಯಲು ಬಂದರು. ಮೂರನೆಯ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ, ಚಿಕ್ಕಪ್ಪನ ಮಂಚವನ್ನು ಗೋಡೆಗೆ ಒತ್ತರಿಸಿ, ಹನ್ನೆರಡು ಕುರ್ಚಿ ಬಿದ್ದವು.

ಈಗ ವಿಷಯಕ್ಕೆ ಬರುತ್ತೇನೆ. ಆ ಹನ್ನೆರಡು ಮಂದಿಗೂ ಬೇಕಾಗಿದ್ದದ್ದು ತರಬೇತಿ ಕೇಂದ್ರದ ಪ್ರಮಾಣಪತ್ರ. ಅದಿದ್ದರೆ ಕಾರ್ಖಾನೆಯಲ್ಲಿ ಕತ್ತರಿಸುವ ಮೇಜಿನ ಕೆಲಸ, ಇಲ್ಲದಿದ್ದರೆ ಜೀವಮಾನವಿಡೀ ಒಂದೇ ತುಂಡು. ಕೇಂದ್ರ ಇದ್ದದ್ದು ಊರಿನ ಇನ್ನೊಂದು ಮೂಲೆಯಲ್ಲಿ. ಕೂಸು, ಕೆಲಸ, ಅಡುಗೆ ಎಲ್ಲ ಬಿಟ್ಟು ಅಲ್ಲಿಗೆ ಹೋಗುವಂತಿರಲಿಲ್ಲ. ಚಿಕ್ಕಮ್ಮನ ಕೋಣೆಯೇ ಕೇಂದ್ರದ ಶಾಖೆಯಾದರೆ ಎಲ್ಲ ಸಲೀಸು. ಅವಳ ಹತ್ತಿರ ಓದಿನ ಕಾಗದಪತ್ರ ಇಲ್ಲದ ಕಾರಣ ಕೇಂದ್ರದವರು ಒಂದು ದಾರಿ ತೋರಿಸಿದ್ದರು: ಮೇಲ್ವಿಚಾರಕಿ ಬಂದು ಒಂದು ತರಗತಿ ನೋಡುತ್ತಾರೆ, ಹಿಡಿಸಿದರೆ ಒಪ್ಪಿಗೆ. ಕಡೆಯ ಕುರ್ಚಿಯಲ್ಲಿ ಕೂತವರಿಗೂ ಪ್ಯಾಟರ್ನ್ ಕಾಣುವಂತೆ ದೊಡ್ಡ ಪರದೆ ಇರಬೇಕು. ಹಿಡಿಸದಿದ್ದರೆ ಮತ್ತೆ ಸರದಿ ಬರುವುದು ಎರಡು ವರ್ಷಕ್ಕೆ.

"ಎರಡು ವರ್ಷ ಯಾರು ಕಾಯ್ತಾರೆ?" ಎಂದಿದ್ದಳು ಚಿಕ್ಕಮ್ಮ. "ಒಬ್ಬೊಬ್ಬರೇ ಹೋಗಿ ಎಲ್ಲೋ ಕಾಲರ್ ಹೊಲಿಯೋಕೆ ಕೂತ್ಕೋತಾರೆ. ಆಮೇಲೆ ನಾನು ಕರೆದ್ರೂ ಬರಲ್ಲ."

ಚಿಕ್ಕಪ್ಪ ಎಲ್ಲಿಂದಲೋ ಒಂದು ಹಳೆಯ ದೊಡ್ಡ ಮಾನಿಟರ್ ಹಿಡಿದು, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರು. ಚಿಕ್ಕಮ್ಮನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರೆ ಜಗಜಗ ಹೊತ್ತಿಕೊಂಡಿತ್ತು. ಇದು ಮಂಗಳವಾರದ ಮಾತು. ಮೇಲ್ವಿಚಾರಕಿ ಬರುವುದು ಗುರುವಾರ ಹನ್ನೊಂದಕ್ಕೆ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಫೋನು ಬಂತು. "ಪಂಡಿತಾ, ದೊಡ್ಡ ಟಿವಿ ಹತ್ತುತ್ತಾ ಇಲ್ಲ. ಓಡಿ ಬಾ."

ಓಡಿದೆ. ಕಚೇರಿಗೆ ಹೊಟ್ಟೆನೋವೆಂದು ಹೇಳಿ, ಮೂರು ಮಹಡಿ ಏದುಸಿರು ಬಿಡುತ್ತ ಹತ್ತಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು. ಹನ್ನೆರಡು ಹೆಂಗಸರ ಮುಂದೆ ಪಂಡಿತನ ಪಾಂಡಿತ್ಯ ಮೆರೆಯಲಿಕ್ಕೆ ಇದಕ್ಕಿಂತ ಒಳ್ಳೆಯ ದಿನ ಬೇಕೆ?

ಲ್ಯಾಪ್‌ಟಾಪ್ ಚೆನ್ನಾಗಿಯೇ ಹೊತ್ತಿತ್ತು. ಪಕ್ಕದ ಮಾನಿಟರ್ ಮಾತ್ರ ಕಪ್ಪು ಮುಖ ಮಾಡಿಕೊಂಡು, ನಡುವೆ ಒಂದು ನೀಲಿ ಚೌಕದಲ್ಲಿ 'ಸಿಗ್ನಲ್ ಇಲ್ಲ' ಎಂದು ಬರೆದು, ಎರಡು ನಿಮಿಷಕ್ಕೆ ಅದನ್ನೂ ಅಳಿಸಿ ಮಲಗಿಬಿಡುತ್ತಿತ್ತು.

"ಮಂಗಳವಾರ ಸರಿ ಇತ್ತಲ್ಲ? ಅದಾದ ಮೇಲೆ ಏನು ಮಾಡಿದೆ?"

"ಏನೂ ಮಾಡಿಲ್ಲ."

"ಏನಾದ್ರೂ ಬದಲಾಯಿಸಿದ್ಯಾ?"

"ಇಲ್ಲ ಕಣೋ. ಒರೆಸಿ ಇಟ್ಟಿದ್ದೀನಿ ಅಷ್ಟೆ."

ಚಿಕ್ಕಪ್ಪ ಮಂಚದ ಮೇಲಿಂದ, "ತಲೆ ಮೇಲೆ ಒಂದು ತಟ್ಟು. ನಮ್ಮ ಹಳೇ ರೇಡಿಯೋ ಹಾಗೇ ಬರ್ತಿತ್ತು," ಎಂದರು. ನಾನು ನಕ್ಕು, ಪಂಡಿತರು ಮಾಡುವ ಮೊದಲ ಕೆಲಸವನ್ನೇ ಮಾಡಿದೆ. ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿದೆ.

ಅಲ್ಲಿಗೆ ಶುರುವಾಯಿತು ಗ್ರಹಚಾರ. ತಿಂಗಳುಗಟ್ಟಲೆ ತಡೆದುಕೊಂಡಿದ್ದ ಅಪ್‌ಡೇಟ್ ಎಲ್ಲ ಒಟ್ಟಿಗೆ ಇಳಿಯತೊಡಗಿತು. 'ದಯವಿಟ್ಟು ಆರಿಸಬೇಡಿ, ನೂರಕ್ಕೆ ನಾಲ್ಕು ಭಾಗ ಮುಗಿದಿದೆ.' ನಾಲ್ಕು ಐದಾಗಲು ಒಂದು ಯುಗ. ಚಿಕ್ಕಮ್ಮ ನನ್ನನ್ನೂ ಗೋಡೆಯ ಗಡಿಯಾರವನ್ನೂ ಸರದಿಯಂತೆ ನೋಡುತ್ತಿದ್ದಳು. ಅದು ನೂರು ಮುಟ್ಟುವಾಗ ಒಂಬತ್ತು ಮುಕ್ಕಾಲು, ನನ್ನ ಅಂಗಿಯ ಬೆನ್ನು ಒದ್ದೆ. ಮಾನಿಟರಿನಲ್ಲಿ ಮತ್ತೆ ಅದೇ ನೀಲಿ ಚೌಕ.

ಆಮೇಲೆ ನಾನು ಮಾಡಿದ್ದನ್ನು ಕ್ರಮವಾಗಿ ಹೇಳಲಾರೆ, ಏಕೆಂದರೆ ಕ್ರಮ ಎನ್ನುವುದೇ ಇರಲಿಲ್ಲ. ಎರಡು ಪರದೆಯಲ್ಲೂ ಒಂದೇ ಚಿತ್ರ ತೋರಿಸುವ ಕೀಲಿ ಒತ್ತಿದೆ. 'ಬೇರೆ ಪರದೆ ಸಿಕ್ಕಿಲ್ಲ' ಎಂದಿತು. ಕೇಬಲ್ಲನ್ನು ಎರಡೂ ಕಡೆ ಅದುಮಿದೆ, ಗಟ್ಟಿಯಾಗಿಯೇ ಕೂತ ಹಾಗಿತ್ತು. ಮಾನಿಟರಿನ ಕೆಳಗಿದ್ದ ಗುಂಡಿಗಳನ್ನೆಲ್ಲ ಕುಟ್ಟಿದೆ. ಬೆಳಕು ಹೆಚ್ಚಾಯಿತು, ಕಡಿಮೆಯಾಯಿತು, ಯಾವುದೋ ಪರದೇಶದ ಭಾಷೆಯಲ್ಲಿ ಏನೋ ಕೇಳಿತು, ನಾನೂ ಹೂಂ ಎಂದು ಒತ್ತಿದೆ. ಕೊನೆಗೆ ಹಳೆಯ ಮಂತ್ರ ಹೊರಬಿತ್ತು. "ಕೇಬಲ್ ಸತ್ತಿದೆ. ಹಳೇ ಮಾಲು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಚಿಕ್ಕಪ್ಪ ತಾವು ಓದುತ್ತಿದ್ದ ಪತ್ರಿಕೆಗೆ ಹೇಳಿದರು.

ಹಠ ಬಂತು. ಮೂರು ಮಹಡಿ ಇಳಿದು, ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯವನನ್ನು ಕಾಡಿಬೇಡಿ ಒಂದು ಕೇಬಲ್ ತಂದೆ. ಏರಿ ಬಂದು ಬಿಚ್ಚಿ ನೋಡಿದರೆ ಅದು ನೀಲಿ ಮೂತಿಯ, ಎರಡೂ ಬದಿಗೆ ತಿರುಪು ಇರುವ ಓಬೀರಾಯನ ಕಾಲದ್ದು. ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಅಷ್ಟರಲ್ಲಿ ಹತ್ತೂಕಾಲು ಆಗಿತ್ತು. ಹನ್ನೆರಡು ಹೆಂಗಸರೂ ಬಂದು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ನನ್ನನ್ನೇ ನೋಡುತ್ತ ಕೂತಿದ್ದರು. ನಾಚಿಕೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ಸಾಲಿನಲ್ಲಿ ಕೂತಿದ್ದ, ಬೇಕರಿಯಲ್ಲಿ ಬ್ರೆಡ್ಡು ಕಟ್ಟುವ ಹೆಂಗಸು ಮೆಲ್ಲಗೆ, "ಹಾಗಾದ್ರೆ ಇವತ್ತು ಆಗಲ್ವಾ ಅಕ್ಕಾ?" ಎಂದು ಕೇಳಿದಳು.

ಆ ಪ್ರಶ್ನೆ ಕೇಳಿದ್ದೇ ಚಿಕ್ಕಮ್ಮ ಸೆರಗು ಬಿಗಿದಳು. "ಯಾಕಾಗಲ್ಲ? ಏಳೋ ಪಂಡಿತ, ಪಕ್ಕಕ್ಕೆ ಸರಿ. ನೀವೆಲ್ಲ ಹತ್ತಿರ ಬನ್ನಿ. ಹೊಲಿಗೆ ಬಿಟ್ಟುಬಿಟ್ಟು ಬೀಳ್ತಾ ಇದ್ರೆ ಮೊದಲು ಏನು ನೋಡ್ತೀರಿ?"

"ದಾರ," ಎಂದರು ಇಬ್ಬರು ಮೂವರು.

"ಬಟ್ಟೆಗೆ ಬೈತೀರಾ?"

"ಇಲ್ಲ."

"ಇವನು ಬೆಳಿಗ್ಗೆಯಿಂದ ಬಟ್ಟೆಗೇ ಬೈತಾ ಇದ್ದಾನೆ. ನಾವು ಸಾಲಾಗಿ ಹೋಗೋಣ. ಮೊದಲು ಕರೆಂಟು. ಆಮೇಲೆ ದಾರ, ಅಂದ್ರೆ ಈ ಕೇಬಲ್ಲು. ಆಮೇಲೆ ದಾರ ಯಾವ ತೂತಿಗೆ ಹೋಗಿದೆ ಅಂತ. ಎಲ್ಲಾ ಸರಿ ಇದ್ದರೆ ಮಾತ್ರ ಮಿಷಿನ್ನಿಗೆ ಕೈ ಹಚ್ಚೋದು."

ನಾನು ಮಿಷಿನ್ನಿನಿಂದಲೇ ಶುರುಮಾಡಿದ್ದೆ. ಪಕ್ಕಕ್ಕೆ ಸರಿದೆ.

ಕರೆಂಟು ಬರುತ್ತಿತ್ತು, ಮಾನಿಟರಿನ ಪುಟ್ಟ ದೀಪ ಉರಿಯುತ್ತಿತ್ತು. ಮುಂದೆ ದಾರ. ಚಿಕ್ಕಮ್ಮ ಕೇಬಲ್ಲನ್ನು ಎರಡೂ ಕಡೆ ಕಿತ್ತು ಕೈಗೆ ತೆಗೆದುಕೊಂಡಳು. ಬೆರಳನ್ನು ಅದರ ಉದ್ದಕ್ಕೂ ಆಡಿಸುತ್ತ ಬಂದು, ತುದಿಗೆ ಬಂದಾಗ ನಿಂತಳು. ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು. ಮುಖ ಕೆಂಪಾಯಿತು.

"ಅಯ್ಯೋ ನನ್ನ ಕೈಗಿಷ್ಟು," ಎಂದಳು.

ಆ ಕೇಬಲ್ಲಿಗೆ ಒಂದು ಅಂಗಿ ಇತ್ತು! ಸಣ್ಣ ಹೂವಿನ ಬಟ್ಟೆಯಲ್ಲಿ, ತುದಿಯಿಂದ ತುದಿಗೆ, ಒಂದಿಷ್ಟೂ ಕಪ್ಪು ಕಾಣದಂತೆ ಹೊಲಿದ ಉದ್ದನೆಯ ಗವಸು. ನಾನು ಅರ್ಧ ಗಂಟೆ ಅದನ್ನೇ ಹಿಡಿದು, ಅದುಮಿ, ಬೈದಿದ್ದೆ, ಆದರೆ ಕಣ್ಣಿಗೆ ಬಿದ್ದಿರಲಿಲ್ಲ. ಬೀಳುವುದಾದರೂ ಹೇಗೆ? ಆ ಮನೆಯಲ್ಲಿ ಬತ್ತಲೆ ಇರುವ ವಸ್ತುವೇ ಇಲ್ಲ. ಇಸ್ತ್ರಿಪೆಟ್ಟಿಗೆಗೆ ಕೋಟಿದೆ, ರಿಮೋಟಿಗೆ ಜೇಬಿದೆ, ಕುರ್ಚಿಗಳ ಕಾಲಿಗೆ ಕಾಲುಚೀಲವಿದೆ. 'ಏನೂ ಮಾಡಿಲ್ಲ' ಎಂದು ಚಿಕ್ಕಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಡಂ ಬರುತ್ತಾರೆ, ತಂತಿ ಹೀಗೆ ಬರಿಮೈಯಲ್ಲಿದ್ದರೆ ಚೆನ್ನಾಗಿರುವುದಿಲ್ಲ ಎಂದು ಬುಧವಾರ ಮಧ್ಯಾಹ್ನ ಹೊಲಿದಿದ್ದಳು. ಅವಳ ಲೆಕ್ಕದಲ್ಲಿ ಬಟ್ಟೆ ತೊಡಿಸುವುದು ಮರ್ಯಾದೆ, ಬದಲಾವಣೆಯಲ್ಲ. ಅಂಚನ್ನು ಎರಡು ಸಲ ಮಡಚಿ, ಎಲಾಸ್ಟಿಕ್ ಕೂರಿಸಿ, ಕೊನೆಗೊಂದು ಗಟ್ಟಿ ಪಟ್ಟಿ ಕೊಟ್ಟಿದ್ದಳು. ಪ್ಲಗ್ಗನ್ನು ಚುಚ್ಚಿದಾಗ ಆ ದಪ್ಪ ಪಟ್ಟಿ ನಡುವೆ ಸಿಕ್ಕಿಕೊಂಡು, ಕೂದಲೆಳೆ ಅನ್ನುವಷ್ಟು ದೂರದಲ್ಲಿ ತಡೆದು ನಿಲ್ಲಿಸುತ್ತಿತ್ತು. ಹೊರಗಿನಿಂದ ಅದುಮಿದರೆ ಗಟ್ಟಿ, ಒಳಗೆ ಮಾತ್ರ ಮುಟ್ಟಿಯೇ ಇಲ್ಲ.

ಅದು ಕಾಲರ್ ಪಟ್ಟಿ! ಹತ್ತೊಂಬತ್ತು ವರ್ಷದ ಕೈ ಕೇಬಲ್ಲಿಗೂ ಒಂದು ಕಾಲರ್ ಕೂರಿಸಿಬಿಟ್ಟಿತ್ತು.

ಒಬ್ಬಳು ಕಿಸಕ್ಕೆಂದಳು. ಆಮೇಲೆ ಇಡೀ ಕೋಣೆ ನಕ್ಕಿತು. ಚಿಕ್ಕಮ್ಮನೂ ಕಣ್ಣೀರು ಬರುವಷ್ಟು ನಗುತ್ತ, ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಎರಡೂ ತುದಿಯ ಪಟ್ಟಿ ಬಿಡಿಸಿ ಹಿಂದಕ್ಕೆ ಮಡಚಿದಳು. ಪ್ಲಗ್ಗನ್ನು ಎರಡೂ ಕಡೆ ಒಳಗೆ ತಳ್ಳಿದಳು. ಈ ಸಲ ಅದು ಇನ್ನಷ್ಟು ಒಳಕ್ಕೆ ಸರಿದು 'ಟಕ್' ಎಂದದ್ದು ಕಡೆಯ ಕುರ್ಚಿಗೂ ಕೇಳಿಸಿತು. ಎಲ್ಲರೂ ಮಾನಿಟರಿನತ್ತ ತಿರುಗಿದೆವು.

ಸಿಗ್ನಲ್ ಇಲ್ಲ.

ನಗು ಥಟ್ಟನೆ ನಿಂತಿತು. ಹತ್ತು ನಲವತ್ತು. "ಚಿಕ್ಕಮ್ಮಾ, ಮೇಡಂಗೆ ಫೋನ್ ಮಾಡಿ ನಾಳೆ ಬನ್ನಿ ಅಂತ..." ಎಂದು ಬಾಯಿ ತೆರೆದೆ.

"ಸಾಲು ಮುಗಿದಿಲ್ಲ," ಎಂದಳು ಚಿಕ್ಕಮ್ಮ. "ತೂತು ನೋಡಿದೆವಾ?"

ಬೇಕರಿಯವಳು ಮಾನಿಟರಿನ ಬೆನ್ನಿಗೆ ಬಗ್ಗಿ ನೋಡಿ, "ಇಲ್ಲಿ ಎರಡು ತೂತಿದೆ ಅಕ್ಕಾ. ದಾರ ಒಂದನೇದರಲ್ಲಿದೆ," ಎಂದಳು.

"ಮುಂದೆ ಏನು ತೋರಿಸ್ತಾ ಇದೆ?"

ನೀಲಿ ಚೌಕದ ಮೂಲೆಯಲ್ಲಿ, ಇರುವೆಯಷ್ಟು ಸಣ್ಣದಾಗಿ, 'ಎರಡು' ಎಂದಿತ್ತು. ಗುಂಡಿಗಳನ್ನು ಕುಟ್ಟುವಾಗ ನಾನೇ ಅದನ್ನು ಒಂದರಿಂದ ಎರಡಕ್ಕೆ ದಾಟಿಸಿಬಿಟ್ಟಿದ್ದೆ! ದಾರ ಒಂದು ಕಡೆ, ಸೂಜಿ ಇನ್ನೊಂದು ಕಡೆ. ಒಂದು ತಪ್ಪು ಅವಳದು, ಒಂದು ನನ್ನದು. ಅವಳದ್ದು ಮರ್ಯಾದೆಗೆ ಮಾಡಿದ್ದು, ನನ್ನದು ಬಡಾಯಿಗೆ. ಹನ್ನೆರಡು ಜನರೂ ನನ್ನ ಕಡೆ ತಿರುಗಿದರು. ಗುಂಡಿ ಒತ್ತಿ ಒಂದಕ್ಕೆ ತಂದೆ.

ಮಾನಿಟರ್ ಒಮ್ಮೆ ಕಣ್ಣು ಮಿಟುಕಿಸಿ ಫಳ್ಳನೆ ಹೊತ್ತಿಕೊಂಡಿತು. ನಾವು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಹೊರಗೆ ಬಂದರಂತೆ. ನಾನು ಚಿಕ್ಕಪ್ಪನನ್ನು ತಬ್ಬಿಕೊಂಡೆ, ಅವರು ಪತ್ರಿಕೆಯ ಸಮೇತ ತಬ್ಬಿಕೊಂಡರು. ಸ್ವರ್ಗಕ್ಕೆ ಮೂರೇ ಗೇಣು.

ಹನ್ನೊಂದಕ್ಕೆ ಸರಿಯಾಗಿ ಮೇಲ್ವಿಚಾರಕಿ ಬಂದರು. ಕತ್ತರಿಸಿದ ನರೆಗೂದಲು, ಕೈಯಲ್ಲಿ ಫೈಲು, ಮುಖದಲ್ಲಿ ನಗುವಿನ ಸುಳಿವಿಲ್ಲ. ಅವರಿಗೆಂದು ಮುಂದೆ ಹಾಕಿದ್ದ ಹದಿಮೂರನೆಯ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಎಲ್ಲರ ಹಿಂದೆ, ಬಾಗಿಲ ಹತ್ತಿರ ಕೂತರು. ಚಿಕ್ಕಮ್ಮ ಪಾಠ ಶುರುಮಾಡಿದಳು. ಮೊದಲ ಐದು ನಿಮಿಷ ದನಿ ನಡುಗಿತು. ಆಮೇಲೆ ನಾನು ಆ ಕೋಣೆಯಲ್ಲಿ ಇದ್ದೇನೆಂಬುದನ್ನೇ ಮರೆತೆ. ಅಂಗಿಯ ಬೆನ್ನಿನ ತುಂಡು ಯಾಕೆ ಮೇಲೆ ಬಾಗಿರುತ್ತದೆ, ಮನುಷ್ಯ ಕೈ ಮುಂದೆ ಚಾಚಿದಾಗ ಬಟ್ಟೆ ಎಲ್ಲಿಂದ ಸಾಲ ತರುತ್ತದೆ, ಎಲ್ಲವನ್ನೂ ದೊಡ್ಡ ಪರದೆಯ ಮೇಲೆ ಗೀಟು ಗೀಟಾಗಿ ತೋರಿಸಿದಳು. ಗೂನುಬೆನ್ನಿನವರಿಗೆ ಎಷ್ಟು ಬಿಡಬೇಕು ಎಂದು ಒಬ್ಬಳು ಕೇಳಿದರೆ, ಚಿಕ್ಕಪ್ಪನನ್ನೇ ಎಬ್ಬಿಸಿ ನಿಲ್ಲಿಸಿ ತೋರಿಸಿದಳು. ಚಿಕ್ಕಪ್ಪ ಪಾಪ, ಇನ್ನಷ್ಟು ಬಗ್ಗಿ ನಿಂತರು.

ನಲವತ್ತು ನಿಮಿಷವಾದ ಮೇಲೆ ಮೇಲ್ವಿಚಾರಕಿ ತಲೆ ಎತ್ತದೆ ಕೇಳಿದರು. "ಉಪಕರಣದ್ದು ಏನಾದ್ರೂ ತೊಂದರೆ?"

"ಏನೇನೂ ಇಲ್ಲ ಮೇಡಂ, ಫಸ್ಟ್ ಕ್ಲಾಸ್!" ಎಂದೆ ನಾನು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

"ಇತ್ತು ಮೇಡಂ," ಎಂದಳು ಚಿಕ್ಕಮ್ಮ. "ಹತ್ತು ಮುಕ್ಕಾಲರ ತನಕ ಹತ್ತಿರಲಿಲ್ಲ," ಎಂದು ಕೇಬಲ್ಲಿನ ಅಂಗಿಯಿಂದ ಹಿಡಿದು ಎಲ್ಲ ಹೇಳಿಬಿಟ್ಟಳು. ನಾನು ಕಣ್ಸನ್ನೆ ಮಾಡಿದ್ದು ಗೋಡೆಗೆ ಮಾಡಿದ ಹಾಗಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ.

ಮೇಲ್ವಿಚಾರಕಿ ಪೆನ್ನು ಕೆಳಗಿಟ್ಟರು. "ನೀವೇನೋ ಸರಿ ಮಾಡಿದ್ರಿ. ನೀವಿಲ್ಲದ ದಿನ ಕೆಟ್ಟರೆ ಇವರು ಸುಮ್ಮನೆ ಕೂತು ಮನೆಗೆ ಹೋಗೋದಾ?"

ಚಿಕ್ಕಮ್ಮ ಮೇಜಿನ ಹತ್ತಿರ ಹೋಗಿ ಕೇಬಲ್ಲನ್ನು ಕಿತ್ತುಹಾಕಿದಳು! ಅಷ್ಟಕ್ಕೇ ಬಿಡದೆ ಮಾನಿಟರಿನ ಗುಂಡಿ ಒತ್ತಿ ಒಂದರಿಂದ ಎರಡಕ್ಕೆ ತಿರುಗಿಸಿದಳು. ಪರದೆ ಕಪ್ಪಾಯಿತು. ಒಂದೂವರೆ ಗಂಟೆ ಸತ್ತು ಹುಟ್ಟಿ ಹೊತ್ತಿಸಿದ್ದನ್ನು ಯಾರಾದರೂ ತಾವಾಗಿ ಆರಿಸುತ್ತಾರೆಯೇ?

"ಇವರನ್ನೇ ಕೇಳಿ ಮೇಡಂ. ನಾನು ಹೊರಗೆ ನಿಂತಿರ್ತೀನಿ," ಎಂದು ಬೇಕರಿಯವಳ ಕಡೆ ಕೈ ತೋರಿಸಿ, ನಿಜವಾಗಿಯೂ ಬಾಗಿಲ ಹೊರಗೆ ಹೋಗಿ ನಿಂತಳು.

ಬೇಕರಿಯವಳಿಗೆ ತಂತಿ ಎಂದರೆ ಹೆದರಿಕೆ. ಹೊಲಿಗೆ ಮಿಷಿನ್ನಿನ ಸ್ವಿಚ್ಚನ್ನೂ ಪಕ್ಕದವಳ ಹತ್ತಿರ ಹಾಕಿಸಿಕೊಳ್ಳುವವಳು. ಎದ್ದು ನಿಂತು, ಕೈಯನ್ನು ಎರಡು ಸಲ ಒರೆಸಿಕೊಂಡು, ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ ಹೇಳುತ್ತ ಹೋದಳು. "ಕರೆಂಟು, ಇದೆ, ದೀಪ ಉರೀತಾ ಇದೆ. ದಾರ." ಪ್ಲಗ್ಗನ್ನು ಕಣ್ಣು ಅರೆಮುಚ್ಚಿ ತಳ್ಳಿದಳು. 'ಟಕ್' ಅನ್ನಲಿಲ್ಲ. ತೆಗೆದಳು, ಬಟ್ಟೆಯನ್ನು ಹಿಂದಕ್ಕೆ ಜಗ್ಗಿ ಮತ್ತೆ ತಳ್ಳಿದಳು. ಟಕ್. "ತೂತು, ಹಿಂದೆ ಒಂದು, ಮುಂದೆ ಎರಡು." ಗುಂಡಿಯ ಮೇಲೆ ಬೆರಳಿಟ್ಟು ಒಂದು ಕ್ಷಣ ನಿಂತಳು. ಒತ್ತಿದಳು.

ಏನೂ ಆಗಲಿಲ್ಲ. ಒಂದು, ಎರಡು, ಮೂರು ಎಂದು ನಾನು ಮನಸ್ಸಿನಲ್ಲಿ ಎಣಿಸಿದೆ. ನಾಲ್ಕಕ್ಕೆ ಅಂಗಿಯ ಬೆನ್ನು ಪರದೆಯಗಲ ಹರಡಿಕೊಂಡು ಬಂತು.

"ಮಿಷಿನ್ನಿಗೆ ಕೈ ಹಚ್ಚೋದೇ ಬೇಕಾಗಲಿಲ್ಲ," ಎಂದು ಬೇಕರಿಯವಳು ಮೇಲ್ವಿಚಾರಕಿಗೇ ಪಾಠ ಹೇಳಿದಳು. ಚಪ್ಪಾಳೆಯೋ ಚಪ್ಪಾಳೆ. ನನ್ನ ಕಣ್ಣು ತುಂಬಿ ಬಂದಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅಷ್ಟು ವರ್ಷ ಎಲ್ಲರ ಮನೆಯ ಯಂತ್ರ ಮುಟ್ಟಿದ ನಾನು ಒಬ್ಬರಿಗೂ ಏನನ್ನೂ ಕಲಿಸಿರಲಿಲ್ಲ.

ಚಿಕ್ಕಮ್ಮ ಒಳಗೆ ಬಂದಳು. ಮೇಲ್ವಿಚಾರಕಿ ಕೋಣೆಯನ್ನು ಒಂದು ಸುತ್ತು ನೋಡಿ, ಫೈಲು ಮುಚ್ಚಿದರು.

"ನಾನು ಕೂತದ್ದು ಬಿಟ್ರೆ ಇಲ್ಲಿ ಹನ್ನೆರಡೇ ಕುರ್ಚಿ ಇವೆಯಲ್ಲ?"

"ಹೌದು ಮೇಡಂ," ಎಂದಳು ಚಿಕ್ಕಮ್ಮ.

"ಶಾಖೆಗೆ ಇಪ್ಪತ್ತು ಜನ ಇರಬೇಕು. ನಮ್ಮ ಕೇಂದ್ರದಲ್ಲಿ ಜಾಗ ಸಿಗದೆ ಕಾಯ್ತಾ ಇರೋ ಎಂಟು ಜನರನ್ನ ಸೋಮವಾರ ಕಳಿಸ್ತೀನಿ. ಅವರನ್ನ ಎಲ್ಲಿ ಕೂರಿಸ್ತೀರಿ ಟೀಚರ್?"

ಚಿಕ್ಕಮ್ಮ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳುತ್ತಲೇ ಟೇಪು ಎತ್ತಿಕೊಂಡು, ಕಿಟಕಿಯಿಂದ ಬಾಗಿಲವರೆಗೆ ನೆಲವನ್ನು ಅಳೆದಳು. ಮೂಗು ಒರೆಸಿಕೊಂಡು ಇನ್ನೊಮ್ಮೆ ಅಳೆದಳು.

"ಎಂಟೇ ಯಾಕೆ ಮೇಡಂ?" ಎಂದಳು. "ಇವರ ಮಂಚ ತೆಗೆದ್ರೆ ಇನ್ನೂ ಹನ್ನೊಂದು ಕುರ್ಚಿ ಹಿಡಿಸುತ್ತೆ."

ಚಿಕ್ಕಪ್ಪ ಆಗಲೇ ಎದ್ದು ಹಾಸಿಗೆ ಸುತ್ತತೊಡಗಿದ್ದರು.